ಡ್ರಿಲ್ ಮೇಷ್ಟ್ರ ಹನ್ನೊಂದು ಕಾಯಿಲೆ

ನಮ್ಮೂರಲ್ಲಿ ತನ್ನ ಕಾಯಿಲೆಗೆ ತಾನೇ ಔಷಧಿ ಕೇಳಿ ತರುವ ಹಾಗಿಲ್ಲ. ತಂದರೆ ಯಾರೂ ಬಯ್ಯುವುದಿಲ್ಲ, ದಂಡವನ್ನೂ ಹಾಕುವುದಿಲ್ಲ. ಔಷಧಿ ಸೀಮೆಸುಣ್ಣವಾಗುತ್ತದೆ, ಅಷ್ಟೆ. ತಲೆನೋವು ಎಂದು ನೀವೇ ಬಾಯಿಬಿಟ್ಟು ಕೇಳಿದಿರೋ, ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಬಿಳಿ ಪುಡಿ. ಬೇಕಾದರೆ ಗೋಡೆಯ ಮೇಲೆ ಅ ಆ ಇ ಈ ಬರೆದುಕೊಳ್ಳಬಹುದು, ತಲೆನೋವು ಮಾತ್ರ ಇದ್ದಲ್ಲೇ ಇರುತ್ತದೆ. ಹೊಸದಾಗಿ ಊರಿಗೆ ಬಂದವರು ಒಂದು ಸಲ ಹೀಗೆ ಪೆಚ್ಚಾಗಿ, ಎರಡನೆಯ ಸಲ ಪಕ್ಕದ ಮನೆಯವರನ್ನು ಕಳಿಸುತ್ತಾರೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನನಗೆ ನಲವತ್ತೇಳು ವರ್ಷ, ನಿದ್ದೆಯಿಲ್ಲ, ಅದನ್ನೆಲ್ಲ ಯೋಚಿಸುವ ತ್ರಾಣವೂ ಉಳಿದಿಲ್ಲ.

ಇನ್ನೊಂದು ಮಾತು. ಇಲ್ಲಿ ಔಷಧಿ ಹೇಳಿದಷ್ಟಕ್ಕೆ ಮಾತ್ರ ಹತ್ತುತ್ತದೆ, ಹೇಳದೆ ಬಿಟ್ಟದ್ದನ್ನು ಮುಟ್ಟುವುದಿಲ್ಲ. ಹಿಂದೆ ಕುಂಬಾರ ಬೀದಿಯ ಒಬ್ಬಾಕೆ ಪಕ್ಕದ ಮನೆಯ ಮಗು ಒಂದೇ ಸಮನೆ ಅಳುತ್ತದೆ ಎಂದಷ್ಟೇ ಹೇಳಿ ಔಷಧಿ ತಂದಳು. ಅಳು ನಿಂತಿತು. ಕಿವಿಯಿಂದ ಕೀವು ಸೋರುತ್ತಲೇ ಇತ್ತು, ಪಾಪ, ಮಗು ಸುಮ್ಮನೆ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಹಾಗೆಲ್ಲ ಆಗಬಾರದು ಎಂದೇ ನಮ್ಮೂರಲ್ಲಿ ಒಪ್ಪಿಸುವವಳು ಎಂದು ಒಬ್ಬಳು ಇರುತ್ತಾಳೆ. ಜನರ ಮನೆಗೆ ಹೋಗಿ, ಅವರ ನೋವನ್ನು ಪೂರ್ತಿ ಕೇಳಿಕೊಂಡು, ಒಂದು ಎಳೆಯೂ ಬಿಡದ ಹಾಗೆ ಅಂಗಡಿಯಲ್ಲಿ ಒಪ್ಪಿಸಿ, ಔಷಧಿ ತಂದುಕೊಡುವುದು ಅವಳ ಕೆಲಸ. ಮೊದಲು ನನ್ನ ಗಂಡನ ಸೋದರತ್ತೆ ಮಾಡುತ್ತಿದ್ದರು. ಅವರು ಹೋದಮೇಲೆ ಇಪ್ಪತ್ತೆರಡು ವರ್ಷದಿಂದ ನಾನು. ಹೆಸರು ಕಸ್ತೂರಿ, ಊರಿಗೆಲ್ಲ ಕಸ್ತೂರಕ್ಕ.

ಕೆಲಸ ನೋಡುವುದಕ್ಕೆ ಸುಲಭ. ಬೆಳಗ್ಗೆ ಹೋಗಿ ಅವರ ಮುಂದೆ ಕೂರಬೇಕು. ಎಲ್ಲಿ ನೋವು, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ ಎಂದು ಕೇಳಬೇಕು. ಕೇಳಿದ್ದನ್ನು ಅವರ ಎದುರಿಗೇ ತಿರುಗಿ ಹೇಳಿ, ಹೌದು ಎಂದು ಅವರು ತಲೆಯಾಡಿಸಿದ ಮೇಲೆ ಏಳಬೇಕು. ಚೀಟಿಯಲ್ಲಿ ಬರೆದುಕೊಳ್ಳುವಂತಿಲ್ಲ, ದಾರಿಯಲ್ಲಿ ಯಾರ ಜೊತೆಗೂ ಹರಟುವಂತಿಲ್ಲ. ನೆಟ್ಟಗೆ ಗೋವಿಂದಯ್ಯ ಶೆಟ್ಟರ ಗ್ರಂಥಿಗೆ ಅಂಗಡಿಗೆ ಹೋಗಿ, ಮೊದಲು ರೋಗಿಯ ಹೆಸರು, ಆಮೇಲೆ ರೋಗ. ಶೆಟ್ಟರು ತಲೆ ಎತ್ತುವುದಿಲ್ಲ. ತಕ್ಕಡಿಯ ಮುಂದೆ ಕೂತು ಕೇಳುತ್ತಾರೆ. ಬಿಪಿ ಮಾತ್ರೆ ನುಂಗುತ್ತಾರಾ, ಥೈರಾಯ್ಡ್ ಇದೆಯಾ, ಬಸುರಿಯೋ ಬಾಣಂತಿಯೋ ಎಂದು ವಿಚಾರಿಸುತ್ತಾರೆ. ಎಲ್ಲ ಮುಗಿದ ಮೇಲೆ ಅವರದ್ದು ಒಂದೇ ಪ್ರಶ್ನೆ: "ಇಷ್ಟೇನಾ?" ಇಷ್ಟೇ ಎಂದು ನಾನು ಹೇಳಬೇಕು. ಆಮೇಲೆಯೇ ಅವರು ಡಬ್ಬಿ ತೆಗೆಯುವುದು. ಆ ಮಾತಿನ ನಂತರ ನೆನಪಾದದ್ದಕ್ಕೆ ಬೆಲೆಯಿಲ್ಲ.

ಇಪ್ಪತ್ತೆರಡು ವರ್ಷ ನಾನು ಎಷ್ಟು ಜನರ ಮೂಲವ್ಯಾಧಿ, ಎಷ್ಟು ಜನರ ಹುಳುಕಡ್ಡಿ, ಎಷ್ಟು ಜನರ ಬಂಜೆತನ ಹೊತ್ತು ತಿರುಗಿದ್ದೇನೋ ಲೆಕ್ಕವಿಲ್ಲ. ಹೇಳುವ ಹೊತ್ತಿಗೆ ನನ್ನ ಸೊಂಟವೂ ನೋಯುತ್ತದೆ, ನನ್ನ ಹೊಟ್ಟೆಯೂ ನುಲಿಯುತ್ತದೆ. ಹೇಳಿ ಮುಗಿಸಿದ ಮೇಲೆ ಹೋಗುತ್ತದೆ. ನನ್ನದು ಎಂದು ಏನೂ ಇಲ್ಲದಿರುವಾಗ ಅದು ನಡೆಯುತ್ತಿತ್ತು.

ಎರಡು ವರ್ಷದ ಹಿಂದೆ ನನ್ನದು ಶುರುವಾಯಿತು. ಮೊದಲು ಮುಟ್ಟು ಹಾದಿ ತಪ್ಪಿತು. ಆಮೇಲೆ ಬಿಸಿ. ಸೌದೆ ಒಲೆಯ ಮುಂದೆ ಕೂತಂತೆ ಎದೆಯಿಂದ ಏರಿ ಕಿವಿಯ ತುದಿಗೆ ಬಂದು ನಿಲ್ಲುತ್ತಿತ್ತು, ಎದುರಿಗೆ ಯಾರಿದ್ದಾರೆ ಎಂದು ನೋಡುತ್ತಿರಲಿಲ್ಲ. ಸೇತುವೆಯಾಚೆಯ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಒಳ್ಳೆಯವರು, ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ನೋಡಿದರು, ಎಲ್ಲ ಸರಿಯಿದೆ ಎಂದರು. ಮುಟ್ಟು ನಿಲ್ಲುವ ಮುಂಚಿನ ಕಾಲ ಇದು, ಕೆಲವರಿಗೆ ನಾಲ್ಕೈದು ವರ್ಷವೂ ಇರುತ್ತದೆ, ಹೆದರಬೇಡಿ ಎಂದು ಮಾತ್ರೆ ಬರೆದುಕೊಟ್ಟರು. ಹೆದರಲಿಲ್ಲ. ಆದರೆ ನನ್ನ ಬಾಯಿಂದಲೇ ಹೇಳಿಕೊಂಡಿದ್ದೆನಲ್ಲ, ಸೇತುವೆ ದಾಟಿ ಈಚೆಗೆ ಬರುವಷ್ಟರಲ್ಲಿ ಮಾತ್ರೆಗಳೆಲ್ಲ ಸೀಮೆಸುಣ್ಣ.

ಇನ್ನು ಊರಿನ ಹೆಂಗಸರು. ಒಬ್ಬಳು ಅಗಸೆ ಬೀಜ ಹುರಿದು ಪುಡಿ ಮಾಡಿ ಮಜ್ಜಿಗೆಗೆ ಹಾಕಿಕೋ ಎಂದಳು. ಒಬ್ಬಳು ಶತಾವರಿ ಬಿಟ್ಟರೆ ಬೇರೆ ಇಲ್ಲ ಎಂದಳು. ನಿದ್ದೆಗೆ ಅಶ್ವಗಂಧ, ಮೂಳೆಗೆ ಎಳ್ಳು, ಉರಿಗೆ ಲಾವಂಚದ ನೀರು, ಮೆಂತ್ಯ ನೆನೆಸಿ ಕುಡಿ, ಸೋಯಾ ಕಾಳು ಬೇಯಿಸು, ಯಾವುದೋ ಮೆಗ್ನೀಸಿಯಂ ಅಂತೆ, ನಮ್ಮ ಚಿಕ್ಕಮ್ಮನಿಗೆ ಅದರಿಂದಲೇ ವಾಸಿಯಾಯಿತು. ಇದೆಲ್ಲ ನನಗೆ ಗೊತ್ತಿಲ್ಲವೇ? ಶೆಟ್ಟರ ಅಂಗಡಿಯಲ್ಲಿ ಯಾವ ಬೇರು ಯಾವ ಡಬ್ಬಿಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಯಾರಿಗೆ ಯಾವುದು ಹಿಡಿಸಿತು, ಯಾರಿಗೆ ಹೊಟ್ಟೆ ಕೆಟ್ಟಿತು ಅದೂ ಗೊತ್ತು. ಆರಿಸಿಕೊಳ್ಳುವುದು ಕಷ್ಟವಲ್ಲ ತಾಯಿ, ಕೇಳಲು ನನಗೊಂದು ಬಾಯಿ ಬೇಕಲ್ಲ ಎಂದು ಅವರಿಗೆ ಹೇಳುತ್ತಿದ್ದೆ. ಪರಮೇಶಿಯವರಿಲ್ಲವಾ ಎನ್ನುತ್ತಿದ್ದರು.

ಪರಮೇಶಿ ನನ್ನ ಗಂಡ. ಕೆಟ್ಟವರಲ್ಲ. ನೀರು ಸರಬರಾಜಿನ ಕಚೇರಿಯಲ್ಲಿ ವಾಲ್ವ್ ತಿರುಗಿಸುವ ಕೆಲಸ, ಹೊತ್ತಿಗೆ ಸರಿಯಾಗಿ ಹೋಗಿ ಹೊತ್ತಿಗೆ ಸರಿಯಾಗಿ ಬರುವ ಮನುಷ್ಯ. ಒಂದು ಭಾನುವಾರ ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ, ತಿರುಗಿ ಹೇಳಿ ಎಂದೆ. ಅವರಿಗೆ ನಾಚಿಕೆ. ಗೊತ್ತಾಯಿತು ಬಿಡು, ಎಷ್ಟು ಸಲ ಹೇಳ್ತೀಯ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಂಗಡಿಯಲ್ಲಿ ಜನ ಇದ್ದರಂತೆ. ಶೆಟ್ಟರ ಎದುರಿಗೆ ಹೆಂಗಸರ ವಿಷಯ ಹೇಗೆ ಹೇಳುವುದು ಎಂದು, ಮನೆಯವಳಿಗೆ ಸಿಡುಕು ಜಾಸ್ತಿಯಾಗಿದೆ ಎಂದರಂತೆ. ಇಷ್ಟೇನಾ? ಇಷ್ಟೇ. ಒಂದು ಸೀಸೆ ಹಸಿರು ಪುಡಿ ತಂದರು.

ಅದು ಹತ್ತಿತು ನೋಡಿ. ಮೂರನೆಯ ದಿನಕ್ಕೆ ನನ್ನ ಬಾಯಲ್ಲಿ ಸಕ್ಕರೆ. ಒಗೆದ ಸೀರೆಯ ಮೇಲೆ ಯಜಮಾನರು ಸಾರು ಚೆಲ್ಲಿದರೂ ಪರವಾಗಿಲ್ಲ ಬಿಡ್ರೀ ಎಂದು ನಗುತ್ತಿದ್ದೆ. ಒಳಗೆ ಬೆಂಕಿ ಹಾಗೇ ಇತ್ತು, ಮೂರು ಗಂಟೆಗೆ ಎಚ್ಚರ ಹಾಗೇ ಇತ್ತು, ಎದೆ ಡವಡವ ಹಾಗೇ ಇತ್ತು. ಬಯ್ಯಲು ಬಾಯಿ ತೆರೆದರೆ ನಗು ಬರುತ್ತಿತ್ತು. ಅವರಿಗೆ ಬಲು ಸಂತೋಷ, ಚೆನ್ನಾಗಿದೆ ಔಷಧಿ, ನಿಲ್ಲಿಸಬೇಡ ಎಂದರು. ಹದಿನೈದು ದಿನಕ್ಕೆ ನಿಲ್ಲಿಸಿ ಸೀಸೆಯನ್ನು ಅಡುಗೆಮನೆಯ ಮೇಲಿನ ಹಲಗೆಗೆ ಎತ್ತಿಟ್ಟೆ.

ಆಮೇಲೆ ನಾದಿನಿ ಅಂಬುಜ. ನಮ್ಮ ಬೀದಿಯಲ್ಲೇ ಮನೆ, ಚುರುಕಿನ ಹೆಂಗಸು, ಮಾತು ಪಟಪಟ. ಅವರ ಮನೆಯ ನಾಮಕರಣದಲ್ಲಿ ನನ್ನ ರವಿಕೆ ಬೆನ್ನೆಲ್ಲ ಒದ್ದೆಯಾಗಿ ನಾಲ್ಕು ಜನ ನೋಡಿದ್ದು ಅವಳಿಗೆ ಅವಮಾನವಾಗಿತ್ತು. ನಾನೇ ಹೇಳಿ ತರ್ತೀನಿ ಬಿಡಿ ಅತ್ತಿಗೆ ಎಂದು ಹೋದವಳು, ನಾನು ಹೇಳಿದ್ದರಲ್ಲಿ ಬೆವರನ್ನು ಮಾತ್ರ ಶೆಟ್ಟರಿಗೆ ಒಪ್ಪಿಸಿ ಬಂದಳು. ಬೆವರು ನಿಂತಿತು. ಬಿಸಿ ಏರುತ್ತಿತ್ತು, ಹೊರಗೆ ಹೋಗಲು ದಾರಿಯಿರಲಿಲ್ಲ. ಮುಚ್ಚಳ ಬಿಗಿದ ಪಾತ್ರೆಯ ಹಾಗೆ ಬಚ್ಚಲಲ್ಲಿ ಕೂತು ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಅದೂ ಹಲಗೆ ಸೇರಿತು. ಇಪ್ಪತ್ತೆರಡು ವರ್ಷ ಊರಿನ ಬಾಯಾಗಿದ್ದವಳಿಗೆ ಒಂದು ಬಾಯಿ ಸಿಗಲಿಲ್ಲ ಎಂದು ಅವತ್ತು ಬಚ್ಚಲಲ್ಲೇ ಅತ್ತೆ. ಅಳುವುದಕ್ಕೆ ಕಾರಣವೂ ಬೇಕಿರಲಿಲ್ಲ ಆಗ.

ಇದರ ಮೇಲೆ ಮರೆವು ಶುರುವಾಯಿತು. ಕೈಯಲ್ಲಿ ಜರಡಿ ಹಿಡಿದುಕೊಂಡು ಇದರ ಹೆಸರೇನು ಎಂದು ನಿಂತಿರುತ್ತಿದ್ದೆ. ಮನೆಯಲ್ಲಾದರೆ ಹಾಳಾಗಿಹೋಗಲಿ, ಕೆಲಸದಲ್ಲಿ ಮರೆತರೆ? ಒಂದು ಸಲ ಒಬ್ಬರ ಎಡಗಣ್ಣನ್ನು ಬಲಗಣ್ಣು ಮಾಡಿದೆ. ಒಂದು ಸಲ ಕೆಮ್ಮು ಹೇಳಿ ಕಫ ಬಿಟ್ಟೆ. ಜನ ಮುಖದ ಮೇಲೆ ಏನೂ ಅನ್ನಲಿಲ್ಲ. ಆದರೆ ನಾನು ತಿರುಗಿ ಹೇಳಿದ ಮೇಲೂ ಇನ್ನೊಂದು ಸಲ ಹೇಳಿ ಕಸ್ತೂರಕ್ಕ ಎನ್ನುವುದಕ್ಕೆ ಶುರುಮಾಡಿದರು. ಈ ಕೆಲಸ ಹೋದರೆ ನನ್ನ ಹತ್ತಿರ ಬೇರೇನೂ ಇಲ್ಲ ಎಂದು ನನಗೆ ಗೊತ್ತಿತ್ತು. ಈ ಊರಿನಲ್ಲಿ ನಾನು ಚೆನ್ನಾಗಿ ಮಾಡಬಲ್ಲದ್ದು ಇದೊಂದೇ.

ಆ ಗುರುವಾರ ಡ್ರಿಲ್ ಮೇಷ್ಟ್ರು ಗುರುಶಾಂತಪ್ಪನವರ ಮನೆಯಿಂದ ಕರೆ ಬಂತು. ರಿಟೈರಾಗಿ ಹದಿನೈದು ವರ್ಷವಾದರೂ ಅವರು ಮನೆಯೊಳಗೆ ಬೆನ್ನು ನೆಟ್ಟಗೆ ಮಾಡಿಯೇ ಕೂರುವವರು. ಹೆಂಡತಿ ನೀಲಮ್ಮ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಗೋಡೆಯ ಮೇಲೆ ಅವರ ಫೋಟೋ, ನಗು ಮುಖ. ನೀಲಮ್ಮ ಎಂದರೆ ಊರಿಗೆಲ್ಲ ನಗುವೇ ನೆನಪು, ಬದುಕಿದ್ದಾಗ ಒಂದು ದಿನ ಮುಖ ಗಂಟಿಕ್ಕಿದವರಲ್ಲ. ಅವರ ಕಾಯಿಲೆ ಒಪ್ಪಿಸಲು ಮೇಷ್ಟ್ರು ನನ್ನನ್ನು ಒಂದು ಸಲವೂ ಕರೆದಿರಲಿಲ್ಲ. ನನ್ನ ಹೆಂಡತಿಯದನ್ನು ನಾನೇ ಹೇಳುತ್ತೇನೆ ಎನ್ನುತ್ತಿದ್ದರು. ಈಗ ಅವರದೇ ಬಲ ಮೊಣಕಾಲು ಊದಿತ್ತು. ಮೆಟ್ಟಿಲು ಹತ್ತಿದರೆ ಹೆಚ್ಚು, ಯುಗಾದಿಯಿಂದ ಈಚೆಗೆ, ಬಿಸಿ ನೀರು ಹುಯ್ದುಕೊಂಡರೆ ಸ್ವಲ್ಪ ಹಾಯೆನಿಸುತ್ತದೆ. ತಿರುಗಿ ಹೇಳಿದೆ. ತಲೆಯಾಡಿಸಿದರು.

ದಾರಿಯಲ್ಲಿ ಅಂಬುಜ ಸಿಕ್ಕಿ, ಎಲ್ಲಿಗೆ ಅತ್ತಿಗೆ, ಮುಖ ಯಾಕೆ ಹಾಗೆ ಕೆಂಪಗಾಗಿದೆ ಎಂದು ನಿಲ್ಲಿಸಿದಳು. ನಾನು ಉತ್ತರ ಕೊಡದೆ ನಡೆದೆ. ಆದರೆ ಬಿಸಿ ಏರಿ ಆಗಿತ್ತು. ಅಂಗಡಿಯ ಮುಂದೆ ಏಳೆಂಟು ಜನ. ನನ್ನ ಸರದಿ ಬಂತು. ಡ್ರಿಲ್ ಮೇಷ್ಟ್ರು ಗುರುಶಾಂತಪ್ಪನವರಿಗೆ ಎಂದೆ. ಅಲ್ಲಿಂದ ಮುಂದೆ ಬಿಳಿ ಗೋಡೆ. ಮೊಣಕಾಲೂ ಇಲ್ಲ, ಯುಗಾದಿಯೂ ಇಲ್ಲ. ಶೆಟ್ಟರು ಕಾಯುತ್ತಿದ್ದರು. ನನ್ನ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

ಎರಡು ತಿಂಗಳು ಮುಟ್ಟಾಗುವುದಿಲ್ಲ, ಆಯಿತೆಂದರೆ ಹನ್ನೆರಡು ದಿನ ನಿಲ್ಲುವುದಿಲ್ಲ ಎಂದೆ. ಎದೆಯಿಂದ ಕಿವಿಯವರೆಗೆ ಬಿಸಿ ಏರುತ್ತದೆ. ಅದರ ಹಿಂದೆ ಬೆವರು, ಬೆವರಿನ ಹಿಂದೆ ಚಳಿ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮುಗಿಯಿತು, ಮತ್ತೆ ಕಣ್ಣು ಮುಚ್ಚುವುದಿಲ್ಲ. ಸುಮ್ಮನೆ ಕೂತಿದ್ದರೂ ಎದೆ ಡವಡವ ಎನ್ನುತ್ತದೆ. ಹೆಬ್ಬೆರಳಿನ ಬುಡ ಹಿಡಿದುಕೊಂಡು ರೊಟ್ಟಿ ತಟ್ಟಲಾಗುವುದಿಲ್ಲ. ಮೈಮೇಲೆ ಇರುವೆ ಹರಿದ ಹಾಗಾಗುತ್ತದೆ, ನೋಡಿದರೆ ಇರುವೆ ಇಲ್ಲ. ಗೊತ್ತಿರುವ ಹೆಸರು ಬಾಯಿಗೆ ಬರುವುದಿಲ್ಲ. ಸಿಡುಕು. ಕಾರಣವಿಲ್ಲದ ಅಳು. ಎಷ್ಟು ಮಲಗಿದರೂ ಏಳುವಾಗಲೇ ದಣಿವು, ದಿನಾ, ದಿನಾ.

ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ಯಾರದನ್ನೂ ಒಪ್ಪಿಸಿರಲಿಲ್ಲ. ಶೆಟ್ಟರು ಮುಟ್ಟು ಎಂಬಲ್ಲೇ ತಕ್ಕಡಿ ಕೆಳಗಿಟ್ಟಿದ್ದರು. ಹಿಂದೆ ನಿಂತಿದ್ದವರು ಮೊದಲು ತಮ್ಮ ಕಿವಿಯನ್ನೇ ನಂಬಲಿಲ್ಲ, ಆಮೇಲೆ ಒಬ್ಬ ಕಿಸಕ್ಕೆಂದ, ಆಮೇಲೆ ಎಲ್ಲರೂ. ಶೆಟ್ಟರು ಅಭ್ಯಾಸಬಲದಿಂದ ಇಷ್ಟೇನಾ ಎಂದು ಕೇಳಿಯೇಬಿಟ್ಟರು. ನಾನು ಇಷ್ಟೇ ಎನ್ನಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಗೆ ಬಂದೆ.

ಸಾಯಂಕಾಲದ ಹೊತ್ತಿಗೆ ಊರೆಲ್ಲ ಅದೇ ಮಾತು. ಡ್ರಿಲ್ ಮೇಷ್ಟ್ರಿಗೆ ಮುಟ್ಟು ತಪ್ಪಿದೆಯಂತೆ. ಅವರ ಕೈಯಲ್ಲಿ ಏಟು ತಿಂದ ಹಳೆಯ ಶಿಷ್ಯರೆಲ್ಲ ಒಬ್ಬೊಬ್ಬರೇ ಅವರ ಮನೆಗೆ ಹೋಗಿ, ಹೇಗಿದ್ದೀರಿ ಮೇಷ್ಟ್ರೇ, ಬಿಸಿ ಏರುತ್ತಾ, ಇರುವೆ ಹರಿಯುತ್ತಾ ಎಂದು ವಿಚಾರಿಸಿಕೊಂಡು ಬಂದರು. ನಾನು ಶುಕ್ರವಾರ ಕ್ಷಮೆ ಕೇಳಲು ಹೋದರೆ ಅವರು ಬಾಗಿಲು ತೆಗೆಯಲಿಲ್ಲ. ಈಗ ಹೋಗಮ್ಮ, ಆಮೇಲೆ ನೋಡೋಣ ಎಂದು ಒಳಗಿನಿಂದಲೇ ಹೇಳಿದರು. ಔಷಧಿಯಿಲ್ಲದೆ ಅವರ ಮೊಣಕಾಲು ಇನ್ನೂ ಊದಿರಬೇಕು ಎಂದುಕೊಂಡು ನಾನು ಹೊಸ್ತಿಲ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಶನಿವಾರ ಊರಿನ ನಾಲ್ಕು ಜನ ಹಿರಿಯರು ನಮ್ಮ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿದು, ಕಸ್ತೂರಮ್ಮನವರು ಬಹಳ ದುಡಿದಿದ್ದಾರೆ, ಇನ್ನು ವಿಶ್ರಾಂತಿ ತಗೊಳ್ಳಲಿ ಎಂದರು. ಸೋಮವಾರದಿಂದ ಅಂಬುಜ ಒಪ್ಪಿಸುತ್ತಾಳೆ ಎಂದರು. ಅಂಬುಜ, ಬೆವರು ಎಂದಷ್ಟೇ ಹೇಳಿ ಬಂದ ಅಂಬುಜ. ಕುಂಬಾರ ಬೀದಿಯ ಮಗು ನೆನಪಾಯಿತು. ಹೇಳಬೇಕು ಎಂದುಕೊಂಡೆ, ಹೇಳಲು ತ್ರಾಣವಿರಲಿಲ್ಲ. ನಿಜ ಹೇಳುತ್ತೇನೆ, ಒಂದು ಕಡೆ ಹಗುರವೂ ಆಯಿತು. ಸಾಕಾಗಿತ್ತು. ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಭಾನುವಾರ ಬೆಳಗ್ಗೆ ಹಲಗೆಯಿಂದ ಹಸಿರು ಪುಡಿಯ ಸೀಸೆ ಇಳಿಸಿದೆ. ಇನ್ನು ಮೇಲೆ ಮನೆಯಲ್ಲೇ ಇರುವುದಲ್ಲವೇ, ಬೆಂಕಿ ಒಳಗಿದ್ದರೆ ಇರಲಿ, ಮುಖದ ಮೇಲೆ ನಗುವಾದರೂ ಇದ್ದರೆ ಮನೆಯಲ್ಲಿ ಜಗಳವಿರುವುದಿಲ್ಲ. ಇಷ್ಟು ಜನ ಹೆಂಗಸರು ಹಾಗೆಯೇ ಇದ್ದಾರೇನೋ, ಯಾರಿಗೆ ಗೊತ್ತು. ಯಜಮಾನರು ಸೀಸೆ ನೋಡಿ ಖುಷಿಯಿಂದ, ಹಾಲಿಗೆ ಹಾಕ್ಕೋ, ಬೇಗ ಹತ್ತುತ್ತೆ ಎಂದರು. ಚಮಚದಲ್ಲಿ ಪುಡಿ ತೆಗೆದೆ. ಆಗ ಬಾಗಿಲ ಹತ್ತಿರ ಕೋಲಿನ ಸದ್ದಾಯಿತು.

ಡ್ರಿಲ್ ಮೇಷ್ಟ್ರು. ಮೂರು ಬೀದಿ ದಾಟಿ ಆ ಮೊಣಕಾಲಲ್ಲಿ ನಡೆದು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಹಣೆಯ ಮೇಲೆ ಬೆವರು. ನಾನು ಎದ್ದು ಕೈಮುಗಿದು ತಪ್ಪಾಯಿತು ಎನ್ನಲು ಹೊರಟರೆ ಕೈಯೆತ್ತಿ ತಡೆದರು. ಅವರ ಕಣ್ಣು ಸೀಸೆಯ ಮೇಲಿತ್ತು. ಇದೇನು, ಯಾರು ತಂದದ್ದು ಎಂದು ಕೇಳಿದರು. ಸಿಡುಕಿಗೆ ಮೇಷ್ಟ್ರೇ, ನಾನೇ ಹೇಳಿ ತಂದಿದ್ದು ಎಂದು ಯಜಮಾನರು ಹೆಮ್ಮೆಯಿಂದಲೇ ಹೇಳಿದರು. ಮೇಷ್ಟ್ರು ಬಹಳ ಹೊತ್ತು ಆ ಸೀಸೆಯನ್ನೇ ನೋಡಿದರು. ಆಮೇಲೆ ನನ್ನ ಕೈಯಿಂದ ಚಮಚ ತೆಗೆದುಕೊಂಡು ಪುಡಿಯನ್ನು ಸೀಸೆಗೆ ಸುರಿದು, ಮುಚ್ಚಳ ಬಿಗಿದು, ಕಂಕುಳಲ್ಲಿಟ್ಟುಕೊಂಡರು.

"ಅಂಗಡಿಗೆ ಬಾರಮ್ಮ," ಎಂದರು. "ಬಾಯಿ ಮಾತ್ರ ಬಿಡಬೇಡ. ಪರಮೇಶಿ, ನೀನೂ ಬಾ."

ಅವರ ನಡಿಗೆಗೆ ಅರ್ಧ ಗಂಟೆ ಹಿಡಿಯಿತು. ಭಾನುವಾರವಾದ್ದರಿಂದ ಶೆಟ್ಟರ ಅಂಗಡಿಯಲ್ಲಿ ಜನ ಹೆಚ್ಚು. ಮೇಷ್ಟ್ರನ್ನು ಕಂಡು ಒಂದಿಬ್ಬರು ಮೀಸೆಯಡಿಯಲ್ಲಿ ನಕ್ಕರು. ಅಂಬುಜ ಅಲ್ಲೇ ಇದ್ದಳು, ನಾಳೆಯಿಂದ ಕೆಲಸವಲ್ಲವೇ, ಡಬ್ಬಿಗಳನ್ನು ನೋಡಿಕೊಳ್ಳಲು ಬಂದಿದ್ದಳು. ಮೇಷ್ಟ್ರು ಸರದಿಗೆ ಕಾಯಲಿಲ್ಲ. ಕೋಲನ್ನು ಪಕ್ಕಕ್ಕೆ ಒರಗಿಸಿ, ಹಿಮ್ಮಡಿ ಜೋಡಿಸಿ, ಎದೆ ಉಬ್ಬಿಸಿ ನಿಂತರು. ಮೈದಾನದ ಆ ತುದಿಗೆ ಕೇಳುವ ಅದೇ ಹಳೆಯ ಗಂಟಲು.

"ವಾಲ್ವ್ ಪರಮೇಶಿ ಹೆಂಡತಿ ಕಸ್ತೂರಿಗೆ," ಎಂದರು. "ಹನ್ನೊಂದು ಬಾಬತ್ತು ಇದೆ. ಬರ್ಕೊಳ್ಳೋದು ಬೇಡ, ಕೇಳಿಸ್ಕೊಳ್ಳಿ."

ಒಂದು ಎಂದರು, ಮುಟ್ಟು ಎಂದರು. ನಾಚಲಿಲ್ಲ, ತಗ್ಗಿಸಲಿಲ್ಲ. ಎರಡು ತಿಂಗಳು, ಹನ್ನೆರಡು ದಿನ. ಎರಡು, ಬಿಸಿ. ಮೂರು, ಬೆವರು ಮತ್ತು ಚಳಿ. ಮೂರು ದಿನ ಅವರನ್ನು ಗೇಲಿ ಮಾಡಲು ಬಂದವರೊಬ್ಬೊಬ್ಬರನ್ನೂ ಕೂರಿಸಿಕೊಂಡು, ಅವಳು ಏನೇನು ಹೇಳಿದಳು ಪೂರ್ತಿ ಹೇಳು ಎಂದು ಕೇಳಿ, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರಿಂದ ತುಂಬಿಸಿಕೊಂಡು ಬಾಯಿಪಾಠ ಮಾಡಿಕೊಂಡಿದ್ದರು ಆ ಮನುಷ್ಯ. ಹೆಬ್ಬೆರಳಿನ ಬುಡವನ್ನೂ ಬಿಡಲಿಲ್ಲ, ಇರುವೆಯನ್ನೂ ಬಿಡಲಿಲ್ಲ. ನನ್ನದೇ ಮಾತು, ಇನ್ನೊಬ್ಬರ ಬಾಯಿಂದ. ಹನ್ನೊಂದಕ್ಕೆ ಬಂದಾಗ, ಏಳುವಾಗಲೇ ದಣಿವು, ದಿನಾ, ದಿನಾ ಎಂದು ನಾನು ಎರಡು ಸಲ ಹೇಳಿದ್ದನ್ನು ಅವರೂ ಎರಡು ಸಲವೇ ಹೇಳಿದರು. ನನಗೆ ಕಣ್ಣಲ್ಲಿ ನೀರು ಬಂತು. ಈ ಸಲ ಕಾರಣವಿತ್ತು.

ಯಾರೂ ನಗುತ್ತಿರಲಿಲ್ಲ. ಹೆಂಗಸರಲ್ಲಿ ಒಂದಿಬ್ಬರು ಬೆರಳು ಮಡಿಸಿಕೊಂಡು ಎಣಿಸುತ್ತಿದ್ದರು, ತಮ್ಮ ಮೈಯಲ್ಲಿರುವುದಕ್ಕೆ ತಾಳೆ ಹಾಕುತ್ತಿದ್ದರೋ ಏನೋ. ಶೆಟ್ಟರು ಬಿಪಿ ಕೇಳಿದರು, ಥೈರಾಯ್ಡ್ ಕೇಳಿದರು, ಆಸ್ಪತ್ರೆಯವರು ಎಲ್ಲ ಸರಿಯಿದೆ ಎಂದದ್ದನ್ನು ಪರಮೇಶಿಯವರು ತೊದಲುತ್ತಾ ಹೇಳಿದರು. ಆಗ ಶೆಟ್ಟರು, ಎಲ್ಲ ಒಟ್ಟಿಗೆ ಕೊಡುವುದಿಲ್ಲ, ಒಂದೊಂದೇ, ಒಂದು ತಿಂಗಳು ನೋಡಿ ಹಿಡಿಸಿದರೆ ಮುಂದುವರಿಸುವುದು, ಇಲ್ಲವಾದರೆ ಬಿಟ್ಟು ಇನ್ನೊಂದು, ರಕ್ತ ಹೆಚ್ಚು ಹೋದರೆ ಮಾತ್ರ ನನ್ನ ಅಂಗಡಿಗೆ ಬರಬೇಡಿ, ಡಾಕ್ಟರಮ್ಮನ ಹತ್ತಿರ ಹೋಗಿ ಎಂದರು. ಶತಾವರಿಯ ಡಬ್ಬಿಗೆ ಕೈ ಹಾಕುವ ಮುಂಚೆ ತಮ್ಮ ಪ್ರಶ್ನೆ ಕೇಳಲು ಬಾಯಿ ತೆರೆದರು.

ಮೇಷ್ಟ್ರು ಅದಕ್ಕೂ ಮೊದಲೇ ಕಂಕುಳಿನ ಸೀಸೆಯನ್ನು ತೆಗೆದು ತಕ್ಕಡಿಯ ಪಕ್ಕದಲ್ಲಿಟ್ಟರು. ಈಗ ಗಂಟಲು ಮೈದಾನದ್ದಾಗಿರಲಿಲ್ಲ.

"ನಿಮಗೆ ನೆನಪಿರ್ಬೇಕು ಶೆಟ್ರೇ," ಎಂದರು. "ನಮ್ಮ ನೀಲಮ್ಮನಿಗೂ ನಾನು ಇದೇ ತಗೊಂಡು ಹೋಗಿದ್ದೆ. ಅವಳು ಏನೇನೋ ಹೇಳಿದ್ಲು, ನಾನು ಸಿಡುಕು ಅಂತ ಒಂದೇ ಮಾತು ಹೇಳ್ದೆ. ಆರು ವರ್ಷ ತಂದ್ಕೊಟ್ಟೆ. ಸಾಯೋವರೆಗೂ ನಗ್ತಾನೇ ಇದ್ಲು. ನಡುರಾತ್ರಿ ಎದ್ದು ಹಾಜರಿ ಪುಸ್ತಕದಲ್ಲಿ ಗಾಳಿ ಬೀಸ್ಕೊಂಡು ಕೂತಿರೋಳು, ಏನೇ ಅಂದ್ರೆ ನಗೋಳು. ಏನಾಗ್ತಿತ್ತು ಅವಳಿಗೆ ಅಂತ ನನಗೆ ಗೊತ್ತಾಗಿದ್ದು ಈ ಗುರುವಾರ."

ಶೆಟ್ಟರು ಸೀಸೆಯನ್ನು ಎತ್ತಿ ಕಾಲ ಬುಡದಲ್ಲಿ ಇಟ್ಟುಕೊಂಡರು. ಪಕ್ಕದಲ್ಲಿದ್ದ ಯಜಮಾನರ ಕಡೆ ನಾನು ತಿರುಗಲಿಲ್ಲ, ಆದರೆ ಅವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅಂಬುಜ ಸೆರಗು ಸರಿಮಾಡಿಕೊಳ್ಳುತ್ತಾ ನೆಲ ನೋಡುತ್ತಿದ್ದಳು. ಆಮೇಲೆ ಶೆಟ್ಟರು ಎಂದೂ ಮಾಡದ ಒಂದು ಕೆಲಸ ಮಾಡಿದರು, ತಲೆ ಎತ್ತಿ ನನ್ನ ಮುಖ ನೋಡಿದರು. ನೋಡಿಕೊಂಡೇ ಮೇಷ್ಟ್ರನ್ನು ಕೇಳಿದರು.

"ಇಷ್ಟೇನಾ?"

ಮೇಷ್ಟ್ರು ಬಾಯಿ ತೆರೆದು, ಮತ್ತೆ ಮುಚ್ಚಿದರು. ನನ್ನ ಕಡೆ ತಿರುಗಿ, ಎತ್ತರದ ಮನುಷ್ಯ, ಕಷ್ಟಪಟ್ಟು ಬಗ್ಗಿ ಕಿವಿ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರ ಬಾಯಿಯ ಹತ್ತಿರ ನಾನು ಹಾಗೆ ಬಗ್ಗಿದ್ದೆನೋ. ನಾನು ಅವರ ಕಿವಿಯಲ್ಲಿ ಮೆಲ್ಲಗೆ ಹೇಳಲು ಶುರುಮಾಡಿದೆ. ಎಲ್ಲಿಂದ ಬಂತೋ, ಎಲ್ಲಿ ಇತ್ತೋ, ಒಂದರ ಹಿಂದೆ ಒಂದು ಬರುತ್ತಲೇ ಇತ್ತು. ಮೇಷ್ಟ್ರು ಹೂಂ, ಹೂಂ ಎನ್ನುತ್ತಾ ಕೇಳಿದರು, ಮಧ್ಯದಲ್ಲಿ ಒಂದು ಸಲ ಕೈಯೆತ್ತಿ ಸ್ವಲ್ಪ ತಡೆಯಮ್ಮ ಎಂದು ನೆಟ್ಟಗಾದರು.

"ಕೂತ್ಕೊಳ್ಳೋಕೆ ಏನಾದ್ರೂ ಕೊಡಿ ಶೆಟ್ರೇ," ಎಂದರು. "ಇನ್ನೂ ಇದೆಯಂತೆ."

ಪಕ್ಕದ ಹೋಟೆಲಿನ ಮುಂದಿದ್ದ ಬೆಂಚನ್ನು ದರದರ ಎಳೆದುಕೊಂಡು ಬಂದವರು ನಮ್ಮ ಯಜಮಾನರು. ಮೇಷ್ಟ್ರನ್ನು ಕೂರಿಸಿದರು, ನನ್ನನ್ನು ಕೂರಿಸಿದರು. ಆಮೇಲೆ ಚಪ್ಪಲಿ ಕಳಚಿಟ್ಟು, ಬೆಂಚಿನ ತುದಿಯಲ್ಲಿ ತಾವೂ ಕೂತು, ನನ್ನ ಕಡೆಗೆ ಬಗ್ಗಿದರು.